ಕಣ್ಣಿದ್ದೂ ಕಾಣದವರು: ಒಂದು ಪರೀಕ್ಷೆಯ ಇತಿಹಾಸ

ಬಿ.ಎಡ್. ಓದಿದ ನನ್ನ ತಲೆಮಾರಿನವರಿಗೆ ಹಿಲ್ಗಾರ್ಡ್ ಎಂಬ ಹೆಸರು ಹೊಸದಲ್ಲ. ಶೈಕ್ಷಣಿಕ ಮನೋವಿಜ್ಞಾನದಲ್ಲಿ ಕಲಿಕೆಯ ಸಿದ್ಧಾಂತಗಳ ಅಧ್ಯಾಯ ಬಂತೆಂದರೆ ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ ಎಂದು ಒಂದು ಪುಟ್ಟ ಮೃಗಾಲಯವೇ ತರಗತಿಯೊಳಗೆ ಬಂದುಬಿಡುತ್ತಿತ್ತು. ಅಧ್ಯಾಯದ ಕೊನೆಯಲ್ಲಿ ಕೊಡುತ್ತಿದ್ದ ಗ್ರಂಥಗಳ ಪಟ್ಟಿಯಲ್ಲಿ 1948ರಲ್ಲಿ ಮೊದಲು ಅಚ್ಚಾದ ಅರ್ನೆಸ್ಟ್ ಹಿಲ್ಗಾರ್ಡರ 'ಥಿಯರೀಸ್ ಆಫ್ ಲರ್ನಿಂಗ್' ತಪ್ಪದೆ ಇರುತ್ತಿತ್ತು. ಮುಂದೆ ಗಾರ್ಡನ್ ಬೋವರ್ ಅವರ ಹೆಸರೂ ಅದಕ್ಕೆ ಸೇರಿತು. ನಾವು ಆ ದಪ್ಪ ಪುಸ್ತಕವನ್ನು ಗ್ರಂಥಾಲಯದ ಬೀರುವಿನ ಗಾಜಿನಾಚೆಯಿಂದ ಭಕ್ತಿಯಿಂದ ನೋಡಿದ್ದೇ ಹೆಚ್ಚು, ತೆರೆದು ಓದಿದ್ದು ಕಡಿಮೆ. ಅದೇ ಹಿಲ್ಗಾರ್ಡರು ತಮ್ಮ ಇಪ್ಪತ್ತೊಂಬತ್ತರ ಹರೆಯದಲ್ಲಿ, ಇನ್ನಿಬ್ಬರೊಡನೆ ಸೇರಿ, ಕಣ್ಣು ಸರಿಯಿದ್ದರೂ ಕಾಣುವುದಿಲ್ಲವೆನ್ನುವ ಒಬ್ಬ ರೋಗಿಯನ್ನು ಅನುಬಂಧನದ ಉಪಕರಣಗಳ ಮುಂದೆ ಕೂರಿಸಿದ್ದರೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರದ ಓದಿನಲ್ಲಿ. ಆ ಪ್ರಯೋಗವನ್ನೂ ಅದರ ಹಿಂದುಮುಂದಿನ ಕಥೆಯನ್ನೂ ಇಲ್ಲಿ ಬರೆಯಬೇಕೆಂದಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು 'ಮೇಷ್ಟ್ರು ಮತ್ತೆ ಪಾಠ ಶುರುಮಾಡಿದರು' ಎಂದು ನಕ್ಕರೂ ಚಿಂತೆಯಿಲ್ಲ.

ಮೊದಲು ವ್ಯಾಧಿಯ ವಿಷಯ. ಮನುಷ್ಯನಿಗೆ ಒಂದು ದಿನ ಇದ್ದಕ್ಕಿದ್ದಂತೆ ದೃಷ್ಟಿ ಹೋಗುತ್ತದೆ. ಒಮ್ಮೊಮ್ಮೆ ಪೂರ್ತಿಯಾಗಿ, ಒಮ್ಮೊಮ್ಮೆ ಒಂದೇ ಕಣ್ಣಿನಲ್ಲಿ, ಇನ್ನು ಕೆಲವೊಮ್ಮೆ ಸುತ್ತಲಿನ ನೋಟವೆಲ್ಲ ಮಾಸಿ ನಡುವೆ ಕೊಳವೆಯಲ್ಲಿ ಇಣುಕಿದಷ್ಟು ಮಾತ್ರ ಉಳಿಯುತ್ತದೆ. ವೈದ್ಯರು ಪರೀಕ್ಷಿಸಿದರೆ ಪಾಪೆ ಬೆಳಕಿಗೆ ಕುಗ್ಗುತ್ತದೆ, ಅಕ್ಷಿಪಟಲ ಸ್ವಚ್ಛವಾಗಿದೆ, ನರದಲ್ಲಿ ದೋಷವಿಲ್ಲ. ಕಪ್ಪುಬಿಳಿ ಪಟ್ಟೆಗಳಿರುವ ಉರುಳೆಯನ್ನು ಕಣ್ಣೆದುರು ತಿರುಗಿಸಿದರೆ, ಓಡುವ ರೈಲಿನ ಕಿಟಕಿಯಿಂದ ತಂತಿಕಂಬಗಳನ್ನು ನೋಡುವವರ ಕಣ್ಣು ಹೇಗೆ ಹಿಂದಕ್ಕೂ ಮುಂದಕ್ಕೂ ಜಿಗಿಯುವುದೋ ಹಾಗೆ ಈ ರೋಗಿಯ ಕಣ್ಣೂ ಜಿಗಿಯುತ್ತದೆ. ಆದರೂ ಆತ ಹೇಳುವುದು ಒಂದೇ ಮಾತು: ನನಗೆ ಕಾಣುವುದಿಲ್ಲ. ಇದನ್ನೇ ಹಿಂದೆ ಹಿಸ್ಟೀರಿಯಾದ ಅಂಧತ್ವವೆಂದು ಕರೆಯುತ್ತಿದ್ದರು. ನಾನಿಲ್ಲಿ ಮನೋಜನ್ಯ ಅಂಧತ್ವವೆನ್ನುತ್ತೇನೆ.

ಇಲ್ಲಿ ಏಳುವ ಪ್ರಶ್ನೆ ವೈದ್ಯಶಾಸ್ತ್ರದ್ದಷ್ಟೇ ಅಲ್ಲ. ಈತ ಸುಳ್ಳು ಹೇಳುತ್ತಿದ್ದಾನೆಯೇ? ಹೌದು ಎಂದಾದರೆ ಆತ ಮೋಸಗಾರ. ಅವನಿಗೆ ಸಲ್ಲಬೇಕಾದದ್ದು ಶಿಕ್ಷೆ. ಅಲ್ಲ ಎಂದಾದರೆ ಆತ ರೋಗಿ, ಸಲ್ಲಬೇಕಾದದ್ದು ಶುಶ್ರೂಷೆ. ಒಬ್ಬ ಮನುಷ್ಯನ ಮಾನ ಈ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಉತ್ತರ ಕೊಡಬೇಕಾದವರು ಮಾತ್ರ ಅವನ ಕಣ್ಣಿನೊಳಗೆ ಹೊಕ್ಕು ನೋಡಲಾರರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವೈದ್ಯರು ಈ ಒಗಟನ್ನು ಬಿಡಿಸಲು ಜಾಣ ಉಪಾಯಗಳನ್ನು ಹೂಡಿದ್ದರು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಹಿಸ್ಟೀರಿಯಾವನ್ನು ನರರೋಗಗಳ ಸಾಲಿನಲ್ಲಿಟ್ಟು ಅಧ್ಯಯನ ಮಾಡುತ್ತಿದ್ದ ಕಾಲ ಅದು. ಒಂದು ಕಣ್ಣು ಕಾಣುವುದಿಲ್ಲವೆನ್ನುವವರಿಗೆ ನಾನ್ಸಿಯ ಬರ್ನ್‌ಹೈಮ್ ಮುಂತಾದವರು ಕೆಂಪು ಮತ್ತು ಹಸಿರು ಅಕ್ಷರಗಳ ಫಲಕವನ್ನು ತೋರಿಸುತ್ತಿದ್ದರು. ಒಂದು ಕಣ್ಣಿಗೆ ಕೆಂಪು ಗಾಜು, ಇನ್ನೊಂದಕ್ಕೆ ಹಸಿರು ಗಾಜು. ಕೆಂಪು ಗಾಜಿನ ಮೂಲಕ ಹಸಿರು ಅಕ್ಷರ ಕಾಣದು, ಹಸಿರು ಗಾಜಿನ ಮೂಲಕ ಕೆಂಪು ಅಕ್ಷರ ಕಾಣದು. ರೋಗಿಗೆ ಈ ಗುಟ್ಟು ತಿಳಿಯದು. ಆತ ಎರಡೂ ಬಣ್ಣದ ಅಕ್ಷರಗಳನ್ನು ಸರಾಗವಾಗಿ ಓದಿಬಿಟ್ಟರೆ 'ಕುರುಡು' ಕಣ್ಣೂ ಓದಿದೆಯೆಂದೇ ಅರ್ಥ. ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಳ್ಳಲು ಕಣ್ಣಿಲ್ಲವೆನ್ನುವ ಯುವಕರನ್ನು ಹಿಡಿಯಲು ಇಂಥ ಉಪಾಯಗಳು ಬಳಕೆಗೆ ಬಂದಿದ್ದವು. ವಿಚಿತ್ರವೆಂದರೆ, ನಟನೆಯ ಸಂಶಯಕ್ಕೇ ಎಡೆಯಿಲ್ಲದ, ಲಾಭವೇನೂ ಇಲ್ಲದ, ತಮ್ಮ ಸ್ಥಿತಿಗೆ ಮನಸಾರೆ ಮರುಗುತ್ತಿದ್ದ ರೋಗಿಗಳೂ ಈ ಬಲೆಯಲ್ಲಿ ಬೀಳುತ್ತಿದ್ದರು. ಅಂದರೆ ಬಲೆ ಕಳ್ಳನನ್ನೂ ಸಾಧುವನ್ನೂ ಒಂದೇ ರೀತಿ ಹಿಡಿಯುತ್ತಿತ್ತು. ಫ್ರಾಯ್ಡ್ 1910ರ ಒಂದು ಚಿಕ್ಕ ಲೇಖನದಲ್ಲಿ ಇದಕ್ಕೆ ತಮ್ಮದೇ ವಿವರಣೆ ಕೊಟ್ಟರು: ಈ ರೋಗಿಗಳು ತಮ್ಮ ಪ್ರಜ್ಞೆಯ ಮಟ್ಟಿಗೆ ಮಾತ್ರ ಕುರುಡರು, ಅಪ್ರಜ್ಞೆಯಲ್ಲಿ ಅವರು ನೋಡುತ್ತಲೇ ಇರುತ್ತಾರೆ. ಮಾತು ಚೆನ್ನಾಗಿದೆ. ಆದರೆ ಅಪ್ರಜ್ಞೆಯನ್ನು ಅಳೆಯುವ ಕೋಲು ಫ್ರಾಯ್ಡರ ಬಳಿ ಇರಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಒಗಟು ಆಸ್ಪತ್ರೆಯ ಗೋಡೆಗಳನ್ನು ದಾಟಿತು. ಕಂದಕಗಳಲ್ಲಿ ಗುಂಡಿನ ಸುರಿಮಳೆಗೆ ಸಿಕ್ಕ ಸೈನಿಕರಲ್ಲಿ ಮೈಮೇಲೆ ಗಾಯವೇ ಇಲ್ಲದ ಕುರುಡರು, ಮೂಕರು, ಕಾಲಿನ ಸ್ವಾಧೀನ ತಪ್ಪಿದವರು ಬಹಳ ಸಂಖ್ಯೆಯಲ್ಲಿ ಕಾಣಿಸಿಕೊಂಡರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥವರ ಬಗ್ಗೆ ಬರೆದಾಗ 'ಶೆಲ್ ಶಾಕ್' ಎಂಬ ಹೆಸರು ಅಚ್ಚಿಗೆ ಬಂತು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೀಲ್ಯಾಂಡ್ ಎಂಬ ವೈದ್ಯ ಇಂಥ ಸೈನಿಕರಿಗೆ ವಿದ್ಯುತ್ತಿನ ಚಿಕಿತ್ಸೆ ಕೊಟ್ಟು, 1918ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಒಬ್ಬ ಮೂಕ ಸೈನಿಕನನ್ನು ಕತ್ತಲೆಯ ಕೋಣೆಗೆ ಕರೆದೊಯ್ದು, ಬಾಗಿಲಿಗೆ ಬೀಗ ಹಾಕಿ, ಮಾತು ಹೊರಡುವವರೆಗೆ ನಾಲ್ಕು ಗಂಟೆ ಗಂಟಲಿಗೆ ವಿದ್ಯುತ್ ಹರಿಸಿದ ವಿವರ ಅದರಲ್ಲಿದೆ. ಮಾತು ಬಂದದ್ದು ನಿಜ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಗಳ ಕಡೆಯ ಮೆಣಸಿನಕಾಯಿ ಹೊಗೆಯೇ. ಬೇವಿನ ಸೊಪ್ಪು, ಹೊಗೆ, ಬಾರುಕೋಲುಗಳಿಂದ 'ಬಿಡಿಸುವ' ಪದ್ಧತಿಗೂ ಬಿಳಿಯ ಕೋಟು ತೊಟ್ಟು ಬಿಡಿಸುವ ಪದ್ಧತಿಗೂ ಉಪಕರಣದಲ್ಲಿ ವ್ಯತ್ಯಾಸವಿದೆ, ಮನೋಭಾವದಲ್ಲಿ ನನಗಂತೂ ಕಾಣಲಿಲ್ಲ.

ಹಿಲ್ಗಾರ್ಡರ ಪ್ರಯೋಗದ ಬೆಲೆ ಈ ಹಿನ್ನೆಲೆಯಲ್ಲಿಯೇ ತಿಳಿಯುವುದು. ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೇಮಂಡ್ ಡಾಜ್ ಎಂಬ ಹಿರಿಯರ ಕೈಕೆಳಗೆ ಕಣ್ಣುರೆಪ್ಪೆಯ ಮೇಲೆಯೇ ಡಾಕ್ಟರೇಟ್ ಮಾಡಿದವರು. ನೀವು ಕೇಳಬಹುದು, ರೆಪ್ಪೆ ಮಿಟುಕಿಸುವುದರಲ್ಲಿ ಡಾಕ್ಟರೇಟ್ ಮಾಡುವಂಥದ್ದೇನಿದೆ ಎಂದು. ಇದೆ. ಥಟ್ಟನೆ ಜೋರು ಸದ್ದಾದರೆ ಯಾರ ರೆಪ್ಪೆಯಾದರೂ ತಾನಾಗಿ ಮುಚ್ಚುತ್ತದೆ, ಅದನ್ನು ಕಲಿಸಬೇಕಾಗಿಲ್ಲ. ಆ ಸದ್ದಿಗೆ ತುಸು ಮೊದಲು ಒಂದು ದೀಪ ಬೆಳಗುವಂತೆ ಮಾಡಿ, ಈ ಜೋಡಿಯನ್ನು ಮತ್ತೆ ಮತ್ತೆ ಒದಗಿಸಿದರೆ, ಕೆಲವು ಸುತ್ತುಗಳಾದ ಮೇಲೆ ದೀಪಕ್ಕೇ ರೆಪ್ಪೆ ಮುಚ್ಚತೊಡಗುತ್ತದೆ. ಪಾವ್ಲೋವನ ನಾಯಿ ಸಂಜ್ಞೆಗೇ ಜೊಲ್ಲು ಸುರಿಸಿದ ಹಾಗೆ. ಇಲ್ಲಿ ಸದ್ದು ಸಹಜ ಪ್ರಚೋದನೆ, ದೀಪ ಅನುಬಂಧಿತ ಪ್ರಚೋದನೆ. ರೆಪ್ಪೆಯ ಚಲನೆ ಸೆಕೆಂಡಿನ ಸಣ್ಣ ಸಣ್ಣ ಭಾಗಗಳಲ್ಲಿ ಛಾಯಾಚಿತ್ರದ ಪಟ್ಟಿಯ ಮೇಲೆ ದಾಖಲಾಗುತ್ತಿತ್ತು. ಇದರಲ್ಲಿ ಮುಖ್ಯವಾದ ಅಂಶವೆಂದರೆ ವ್ಯಕ್ತಿಯನ್ನು ಏನೂ ಕೇಳಬೇಕಾಗಿಲ್ಲ. 'ದೀಪ ಕಂಡಿತೇ?' ಎಂಬ ಪ್ರಶ್ನೆಯೇ ಬೇಡ. ಉತ್ತರವನ್ನು ರೆಪ್ಪೆ ಕೊಡುತ್ತದೆ.

1933ರಲ್ಲಿ ಲೂಯಿಸ್ ಕೊಹೆನ್, ಹಿಲ್ಗಾರ್ಡ್, ವೆಂಡ್ಟ್ ಈ ಮೂವರು ಮನೋಜನ್ಯ ಅಂಧತ್ವದ ಒಬ್ಬ ರೋಗಿಯಲ್ಲಿ ಬೆಳಕಿನ ಸಂವೇದನೆಯನ್ನು ಪರೀಕ್ಷಿಸಿದ ಲೇಖನವನ್ನು ಯೇಲಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಳಸಿದ ವಿಧಾನಗಳು ಎರಡು. ಒಂದು, ನಾನು ಮೇಲೆ ಹೇಳಿದ ಅನುಬಂಧನ. ಇನ್ನೊಂದು ಇನ್ನೂ ಸೂಕ್ಷ್ಮವಾದದ್ದು, ಡಾಜರ ಬಳಿ ಕಲಿತದ್ದು. ಸದ್ದಿಗೆ ಮುಚ್ಚುವ ರೆಪ್ಪೆ ಎಷ್ಟು ಜೋರಾಗಿ ಮುಚ್ಚುವುದೆಂಬುದು ಅದಕ್ಕೆ ಕ್ಷಣಾಂಶದ ಮೊದಲು ಏನಾಯಿತೆಂಬುದನ್ನು ಅವಲಂಬಿಸಿರುತ್ತದೆ. ಮೊದಲೇ ಒಂದು ದೀಪ ಮಿನುಗಿದ್ದರೆ, ನಡುವಿನ ಅಂತರಕ್ಕೆ ತಕ್ಕಂತೆ, ರೆಪ್ಪೆಯ ಚಲನೆ ಕೆಲವೊಮ್ಮೆ ಕುಗ್ಗುತ್ತದೆ, ಕೆಲವೊಮ್ಮೆ ಹಿಗ್ಗುತ್ತದೆ. ದೀಪ ನರಮಂಡಲವನ್ನು ಮುಟ್ಟಿಯೇ ಇಲ್ಲವಾದರೆ ಈ ಏರಿಳಿತ ಇರಲಾರದು. ಇಚ್ಛೆಯಿಂದ ಇದನ್ನು ನಟಿಸಲೂ ಆಗದು, ಅಷ್ಟು ಕಡಿಮೆ ಕಾಲದಲ್ಲಿ ಇಚ್ಛೆಯೇ ಹುಟ್ಟುವುದಿಲ್ಲ. ಪ್ರಯೋಗದ ಫಲಿತಾಂಶ: ರೋಗಿಯ ಬಾಯಿ ಇಲ್ಲವೆಂದ ಬೆಳಕನ್ನು ರೆಪ್ಪೆ ಇದೆಯೆಂದಿತು.

ಹಾಗಾದರೆ ರೋಗಿ ಸುಳ್ಳುಗಾರ ಎಂದು ತೀರ್ಪು ಬರೆಯಬಹುದೇ? ಆತುರದವರು ಬರೆದಾರು. ಆದರೆ ಹಿಲ್ಗಾರ್ಡರು ಅಲ್ಲಿಗೆ ನಿಲ್ಲದೆ, ಡೊನಾಲ್ಡ್ ಮಾರ್ಕ್ವಿಸ್ ಎಂಬುವರ ಜೊತೆಗೂಡಿ 1936ರಲ್ಲಿ ನಾಯಿಗಳ ಮೇಲೆ, 1937ರಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಮಿದುಳಿನ ಹಿಂಭಾಗದಲ್ಲಿ ದೃಷ್ಟಿಗೆ ಮೀಸಲಾದ ಭಾಗವನ್ನೇ ಶಸ್ತ್ರಕ್ರಿಯೆಯಿಂದ ತೆಗೆದ ಪ್ರಾಣಿಗಳು ಅವು. ಅವುಗಳಲ್ಲಿಯೂ ಬೆಳಕಿಗೆ ರೆಪ್ಪೆ ಮುಚ್ಚುವ ಅನುಬಂಧಿತ ಪ್ರತಿಕ್ರಿಯೆ ಉಂಟಾಗುತ್ತಿತ್ತು! ಎಂದರೆ ರೆಪ್ಪೆಯ ಸಾಕ್ಷ್ಯಕ್ಕೂ 'ನೋಡುವುದು' ಎಂಬ ಅನುಭವಕ್ಕೂ ನಡುವೆ ಹಾದಿ ಉದ್ದವಿದೆ. ಬೆಳಕು ಒಳಗೆ ಬಂದಿದೆ ಎಂದಷ್ಟೇ ರೆಪ್ಪೆ ಹೇಳಬಲ್ಲದು. ಒಳಗೆ ಬಂದದ್ದು ಮನೆಯ ಯಜಮಾನನಿಗೆ ತಿಳಿದಿದೆಯೇ ಇಲ್ಲವೇ ಎಂಬುದನ್ನು ಅದು ಹೇಳಲಾರದು. ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ನನಗೆ ಇವುಗಳ ನಿಜವಾದ ಸ್ವಾರಸ್ಯ ಹೊಳೆದದ್ದು. ಕಣ್ಣು ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ಅನುಬಂಧನದ ವಿಧಾನ ಖಚಿತವಾಗಿ ಉತ್ತರಿಸಿತು. ಮನುಷ್ಯ ಪ್ರಾಮಾಣಿಕನೇ ಎಂಬ ಪ್ರಶ್ನೆ ಬೇರೆಯೇ ಪ್ರಶ್ನೆಯೆಂದೂ ತೋರಿಸಿಕೊಟ್ಟಿತು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಇಂಥದ್ದು ಒಮ್ಮೆಯಾದರೂ ಎದುರಾಗದೆ ಇರದು. ಮಲೆನಾಡಿನ ಒಂದು ಶಾಲೆಯಲ್ಲಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಪರೀಕ್ಷೆಗೆ ಕೆಲವು ವಾರಗಳಿರುವಾಗ ಒಂದು ಬೆಳಿಗ್ಗೆ ಕಣ್ಣು ಕಾಣದಾಯಿತು. (ಅವಳ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲ. ಆ ಕಾಲದ ವಿದ್ಯಾರ್ಥಿಗಳು ಊಹಿಸಲೂ ಹೋಗಬೇಡಿ.) ಸಹೋದ್ಯೋಗಿಯೊಬ್ಬರು ಶಿಕ್ಷಕರ ಕೊಠಡಿಯಲ್ಲಿ ತೀರ್ಪು ಕೊಟ್ಟೇಬಿಟ್ಟರು: ನಾಟಕ. ಅವರ ಬಳಿ ಸಾಕ್ಷ್ಯವೂ ಇತ್ತು. ದಾರಿಯಲ್ಲಿ ಬೇಕೆಂದೇ ಇಟ್ಟ ಬೆಂಚನ್ನು ಅವಳು ಬಳಸಿಕೊಂಡು ಹೋಗಿದ್ದಳಂತೆ, ಎಡವಿರಲಿಲ್ಲವಂತೆ. ಅವಳ ಪುಣ್ಯಕ್ಕೆ ಮನೆಯವರು ಕರೆದುಕೊಂಡು ಹೋದ ಕಣ್ಣಿನ ಡಾಕ್ಟರು ತಿಳಿವಳಿಕಸ್ಥರು. ಎಲ್ಲವನ್ನೂ ಪರೀಕ್ಷಿಸಿ, ಅವಳಿಗೂ ಕೇಳುವಂತೆ ತಂದೆತಾಯಿಯರಿಗೆ ಹೇಳಿದರು: "ಕಣ್ಣು ಚೆನ್ನಾಗಿದೆ, ಏನೂ ಕಳೆದುಕೊಂಡಿಲ್ಲ. ಮೊದಲು ಬೆಳಕು ಕಾಣುತ್ತದೆ, ಆಮೇಲೆ ನೆರಳು, ಆಮೇಲೆ ಅಕ್ಷರ. ಅವಸರ ಮಾಡಬೇಡಿ." ಹಾಗೆಯೇ ಆಯಿತು. ಹತ್ತು ಹನ್ನೆರಡು ದಿನಗಳಲ್ಲಿ ಅವಳು ಮರಳಿ ಶಾಲೆಗೆ ಬಂದಳು. ಅವಳ ಮನಸ್ಸಿನ ಮೇಲಿದ್ದ ಭಾರವೇನೆಂಬುದು ಆ ಮೇಲೆ ನಮಗೆ ತಿಳಿಯಿತು, ಅದು ಇಲ್ಲಿ ಬರೆಯತಕ್ಕ ವಿಷಯವಲ್ಲ. ಆ ಡಾಕ್ಟರು ಮಾಡಿದ್ದೇನೆಂಬುದು ಮಾತ್ರ ಈಗ, ಈ ಪ್ರಯೋಗಗಳನ್ನು ಓದಿದ ಮೇಲೆ, ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮಾನ ಕಳೆದುಕೊಳ್ಳದೆ ಹಿಂದಿರುಗಲು ಅವಳಿಗೊಂದು ಮೆಟ್ಟಿಲ ಸಾಲನ್ನು ಕಟ್ಟಿಕೊಟ್ಟರು.

ಅಂಥದೇ ಮೆಟ್ಟಿಲ ಸಾಲನ್ನು ಪ್ರಯೋಗಾಲಯದಲ್ಲಿ ಕಟ್ಟಿದವರು ಅಮೆರಿಕದ ಇಂಡಿಯಾನಾದ ಜಾನ್ ಪಾಲ್ ಬ್ರೇಡಿ ಮತ್ತು ಡೆಟ್ಲೆವ್ ಲಿಂಡ್. ಅವರ ವರದಿ ಬಂದದ್ದು 1961ರಲ್ಲಿ. ಆ ವೇಳೆಗೆ ಸ್ಕಿನ್ನರರ ಅನುಬಂಧನ ಬಳಕೆಗೆ ಬಂದಿತ್ತು. ಪಾವ್ಲೋವನದರಲ್ಲಿ ಪ್ರಚೋದನೆ ಮೊದಲು, ಪ್ರತಿಕ್ರಿಯೆ ಅದರ ಬೆನ್ನಿಗೆ. ಸ್ಕಿನ್ನರರದರಲ್ಲಿ ಪ್ರಾಣಿ ತಾನೇ ಏನಾದರೂ ಮಾಡುತ್ತದೆ, ಫಲ ಸಿಕ್ಕರೆ ಮತ್ತೆ ಮಾಡುತ್ತದೆ. ಆ ಫಲಕ್ಕೆ ಪುನರ್ಬಲನವೆಂದು ಹೆಸರು. ಬಿ.ಎಡ್. ಪರೀಕ್ಷೆಗೆ ಈ ವ್ಯತ್ಯಾಸವನ್ನು ಕಂಠಪಾಠ ಮಾಡದವರು ಯಾರು?

ಬ್ರೇಡಿ ಮತ್ತು ಲಿಂಡರ ರೋಗಿ ನಲವತ್ತು ವರ್ಷದ ಗೃಹಸ್ಥ. ಎರಡು ವರ್ಷದ ಹಿಂದೆ, ಹೆಂಡತಿ ಮತ್ತು ಅತ್ತೆಯ ಜೊತೆ ಅಂಗಡಿಗೆ ಹೋಗಿದ್ದಾಗ ದೃಷ್ಟಿ ಒಮ್ಮೆಲೇ ಹೋಗಿತ್ತು. (ಇದಕ್ಕೆ ನಾನು ಟೀಕೆ ಸೇರಿಸುವುದಿಲ್ಲ, ನಮ್ಮ ಮನೆಯವರೂ ಈ ಪುಟ ಓದುತ್ತಾರೆ.) ಅವನನ್ನು ಒಂದು ಕೋಣೆಯಲ್ಲಿ ಕೂರಿಸಿ ಮುಂದೆ ಒಂದು ಗುಂಡಿ ಇಟ್ಟರು. ಕೆಲಸ ಇಷ್ಟೇ: ಒಮ್ಮೆ ಗುಂಡಿ ಒತ್ತಿದ ಮೇಲೆ ಮತ್ತೆ ಒತ್ತುವುದು 18 ಸೆಕೆಂಡು ಕಳೆದ ಮೇಲೆ, 21 ಸೆಕೆಂಡು ತುಂಬುವುದರೊಳಗೆ ಆಗಬೇಕು. ಸರಿಯಾದರೆ ಬಜರ್ ಸದ್ದು ಮಾಡುತ್ತದೆ. ಅಂಕಗಳು ಹೆಚ್ಚಿದರೆ ಮೆಚ್ಚುಗೆಯ ಮಾತು, ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿಬರುವ ಸವಲತ್ತು. ಒಂದೊಂದು ಸರದಿ ಅರ್ಧ ಗಂಟೆ. ಗಮನಿಸಿ, ಇದರಲ್ಲಿ ದೃಷ್ಟಿಯ ಮಾತೇ ಇಲ್ಲ. ಕುರುಡನೂ ಮನಸ್ಸಿನಲ್ಲಿ ಎಣಿಸಿಕೊಂಡು ಮಾಡಬಹುದಾದ ಕೆಲಸ.

ಕೆಲವು ಸರದಿಗಳಾದ ಮೇಲೆ ಅವನಿಗೆ ತಿಳಿಸದೆ ಒಂದು ದೀಪವನ್ನು ಸೇರಿಸಿದರು. ಸರಿಯಾದ ಆ ಮೂರು ಸೆಕೆಂಡುಗಳಲ್ಲಿ ಮಾತ್ರ ದೀಪ ಉರಿಯುತ್ತದೆ. ಕಾಣುವವನಿಗೆ ಇದು ಸುಲಭ, ದೀಪ ಹತ್ತಿದಾಗ ಒತ್ತಿದರಾಯಿತು. ನಿಜವಾದ ಕುರುಡನಿಗೆ ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಈ ಮನುಷ್ಯನಿಗೆ ಆದದ್ದು ಮೂರನೆಯದು: ದೀಪ ಬಂದೊಡನೆ ಅವನ ಅಂಕಗಳು ಕುಸಿದವು! ಅದುವರೆಗೆ ಎಣಿಕೆಯಿಂದ ಸಾಧಿಸಿದ್ದೂ ಕೈತಪ್ಪಿತು. ಯಾವುದನ್ನು ಕಾಣುವುದಿಲ್ಲವೋ ಅದೇ ಅವನನ್ನು ಕಂಗೆಡಿಸಿತ್ತು. ಆದರೆ ಪ್ರಯೋಗಕಾರರು ಅವನನ್ನು ಗದರಿಸಿ 'ಸಿಕ್ಕಿಬಿದ್ದೆ' ಎನ್ನಲಿಲ್ಲ. ಸರದಿಗಳು ಮುಂದುವರಿದವು, ಮೆಚ್ಚುಗೆ ಮುಂದುವರಿಯಿತು. ನಿಧಾನವಾಗಿ ಅವನ ಬೆರಳು ದೀಪಕ್ಕೆ ಹೊಂದಿಕೊಂಡಿತು, ಅಂಕಗಳು ಏರಿದವು. ಕೊನೆಗೊಂದು ದಿನ ದೀಪ ತನಗೆ ಕಾಣುತ್ತಿದೆಯೆಂದು ಅವನೇ ಹೇಳಿದ. ಆ ಮೇಲೆ ಇನ್ನೂ ಕಠಿಣವಾದ ಆಕೃತಿಗಳನ್ನು ಗುರುತಿಸುವ ಕೆಲಸ ಕೊಟ್ಟರು. ದೃಷ್ಟಿ ಮರಳಿತು. ಯೀಲ್ಯಾಂಡನ ಬೀಗ ಹಾಕಿದ ಕೋಣೆಯನ್ನೂ ಈ ಕ್ಯಾಂಟೀನಿನ ಸವಲತ್ತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಲವತ್ತು ವರ್ಷಗಳಲ್ಲಿ ಆದ ದಾರಿ ಎಷ್ಟೆಂದು ತಿಳಿಯುತ್ತದೆ. ಹಾಗೆಂದು ಇದನ್ನು ಅದ್ಭುತ ಚಿಕಿತ್ಸೆಯೆಂದು ಹೊಗಳಲೂ ಬಾರದು, ಏಕೆಂದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮನುಷ್ಯ ಮತ್ತೆ ಕುರುಡನಾದ.

ಈ ಬಾರಿ ಅದೇ ವ್ಯಕ್ತಿಯನ್ನು ಪರೀಕ್ಷಿಸಿದವರು ಗ್ರಾಸ್ ಮತ್ತು ಝಿಮ್ಮರ್‌ಮನ್. 1965 ಮತ್ತು 1966ರಲ್ಲಿ ಬಂದ ಅವರ ವರದಿಗಳನ್ನು ಗಣಿತದ ಮೇಷ್ಟರಾದವರು ತಪ್ಪದೆ ಓದಬೇಕು. ಅವನೆದುರು ಮೂರು ತ್ರಿಕೋನಗಳು ಬೆಳಗುತ್ತವೆ. ಎರಡು ನೆಟ್ಟಗೆ, ಒಂದು ತಲೆಕೆಳಗು. ತಲೆಕೆಳಗಾದದ್ದು ಪ್ರತಿ ಸಲವೂ ಸ್ಥಾನ ಬದಲಿಸುತ್ತದೆ. ಅದರ ಕೆಳಗಿನ ಗುಂಡಿ ಒತ್ತಿದರೆ ಸರಿ. ಕಾಣದವನು ಕಣ್ಣುಮುಚ್ಚಿ ಒತ್ತಿದರೂ ಮೂರರಲ್ಲಿ ಒಂದು ಸರಿಯಾಗುತ್ತದೆ, ಅದು ಸಂಭವನೀಯತೆಯ ಮೊದಲ ಪಾಠ. ಈ ವ್ಯಕ್ತಿಯ ಸರಿಯುತ್ತರಗಳು ಮೂರರಲ್ಲೊಂದಕ್ಕಿಂತ ಎಷ್ಟೋ ಕಡಿಮೆ ಇದ್ದವು.

ಇಲ್ಲಿ ಸ್ವಲ್ಪ ನಿಲ್ಲೋಣ. ವಸ್ತುನಿಷ್ಠ ಪ್ರಶ್ನೆಗಳ ಪತ್ರಿಕೆಗಳನ್ನು ನಾನು ಸಾವಿರಾರು ತಿದ್ದಿದ್ದೇನೆ. ನಾಲ್ಕು ಆಯ್ಕೆಗಳ 30 ಪ್ರಶ್ನೆಗಳಿಗೆ, ಏನೂ ಓದದೆ ಬಂದ ಹುಡುಗ ಕೈಗೆ ಬಂದ ಕಡೆ ಗುರುತು ಹಾಕಿದರೂ ಏಳೆಂಟು ಸರಿಯಾಗುತ್ತವೆ. ಒಂದೂ ಸರಿಯಾಗದಿರುವ ಸಾಧ್ಯತೆ ಐದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಮೂವತ್ತಕ್ಕೆ ಸೊನ್ನೆ ತೆಗೆಯುವುದು ದಡ್ಡನಿಂದ ಆಗುವ ಕೆಲಸವಲ್ಲ. ಅದಕ್ಕೆ ಮೂವತ್ತಕ್ಕೆ ಮೂವತ್ತು ಗೊತ್ತಿರಬೇಕು. ತಪ್ಪು ಗುಂಡಿಯನ್ನೇ ಹುಡುಕಿ ಒತ್ತಬೇಕಾದರೆ ಸರಿಯಾದದ್ದು ಎಲ್ಲಿದೆಯೆಂದು ಯಾವುದೋ ಒಂದು ಬಗೆಯಲ್ಲಿ ತಿಳಿದಿರಲೇಬೇಕು. ಆ ತಿಳಿವು ಎಲ್ಲಿದೆ, ಯಾರಿಗಿದೆ?

ಪ್ರಯೋಗಕಾರರು ಇನ್ನೊಂದು ಹೆಜ್ಜೆ ಇಟ್ಟರು. ತಾವೇ ಗೊತ್ತುಮಾಡಿದ ಒಬ್ಬರಿಂದ ಅವನ ಕಿವಿಗೆ ಒಂದು ಮಾತು ಬೀಳುವಂತೆ ಮಾಡಿದರು: ನಿಜವಾದ ಕುರುಡನಾಗಿದ್ದರೆ ಇದಕ್ಕಿಂತ ಹೆಚ್ಚು ಸರಿಯುತ್ತರ ಬರುತ್ತಿತ್ತು, ಆದ್ದರಿಂದ ವೈದ್ಯರಿಗೆ ನಿನಗೆ ಕಾಣುತ್ತದೆಂಬ ಸಂಶಯವಿದೆ. ಅಲ್ಲಿಂದ ಮುಂದೆ ಅವನ ಉತ್ತರಗಳು ಏರಿ, ಕುರುಡನಿಗೆ ತಕ್ಕ ಮಟ್ಟಕ್ಕೆ ಬಂದು ನಿಂತವು. ಇದನ್ನು ಓದಿ ನನಗೆ ನಗುವೂ ಬಂತು, ಮರುಕ್ಷಣ ಸಂಕಟವೂ ಆಯಿತು. ಇದನ್ನು ಕಪಟವೆನ್ನುವವರ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಡ. ಆದರೆ ಅದೇ ಮನುಷ್ಯ ಎರಡು ವರ್ಷ ಕತ್ತಲೆಯಲ್ಲಿ ಬಾಳಿದ್ದ, ಬೆಳಕು ಬಂತೆಂದು ಒಮ್ಮೆ ತಾನೇ ಹೇಳಿದ್ದ ಎಂಬುದನ್ನೂ ತಕ್ಕಡಿಯಲ್ಲಿ ಇಡಬೇಕಲ್ಲ.

1973ರಲ್ಲಿ ಥಿಯೊಡೋರ್ ಮತ್ತು ಮ್ಯಾಂಡೆಲ್‌ಕಾರ್ನ್ ಹದಿನಾರರ ಹುಡುಗಿಯೊಬ್ಬಳನ್ನು ಪರೀಕ್ಷಿಸಿದರು. ಅವಳಿಗೆ ನೋಟದ ನಡುಭಾಗ ಮಾತ್ರ ಕಾಣುತ್ತಿತ್ತು, ಸುತ್ತಲಿನದು ಕಾಣುತ್ತಿರಲಿಲ್ಲ. ಎರಡು ಕಾಲಾವಧಿಗಳಲ್ಲಿ ಯಾವುದರಲ್ಲಿ ಬೆಳಕು ಬಂತೆಂದು ಹೇಳಬೇಕಾದ ಪರೀಕ್ಷೆಯಲ್ಲಿ, ನಡುವಿನ ಬೆಳಕಿಗೆ ಅವಳ ಉತ್ತರಗಳೆಲ್ಲ ಸರಿ. ಅಂಚಿನ ಬೆಳಕಿಗೆ ಮಾತ್ರ ಅವು ಅರ್ಧಕ್ಕಿಂತ ತೀರ ಕೆಳಗೆ. ಮತ್ತದೇ ಗುರುತು.

ಇದರ ಮರುವರ್ಷವೇ, 1974ರಲ್ಲಿ, ಕಥೆಗೆ ಒಂದು ಕನ್ನಡಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ಲಾರೆನ್ಸ್ ವೈಸ್ಕ್ರಾಂಟ್ಜ್, ಎಲಿಜಬೆತ್ ವಾರಿಂಗ್ಟನ್ ಮತ್ತು ಅವರ ಸಂಗಡಿಗರು ಡಿ.ಬಿ. ಎಂಬ ಅಕ್ಷರಗಳಿಂದಷ್ಟೇ ಜಗತ್ತಿಗೆ ಪರಿಚಿತನಾದ ರೋಗಿಯ ಬಗ್ಗೆ ಬರೆದರು. ವಾರಿಂಗ್ಟನ್ನರು ಕೆಲಸ ಮಾಡುತ್ತಿದ್ದದ್ದು ಯೀಲ್ಯಾಂಡನಿದ್ದ ಅದೇ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಎಂಬುದು ಇತಿಹಾಸದ ಒಂದು ಚೋದ್ಯ. ಡಿ.ಬಿ.ಗೆ ಶಸ್ತ್ರಚಿಕಿತ್ಸೆಯಲ್ಲಿ ದೃಷ್ಟಿಯ ಮಿದುಳಿನ ಬಲಭಾಗವನ್ನು ತೆಗೆದಿದ್ದರು. ಆದ್ದರಿಂದ ನೋಟದ ಎಡಭಾಗ ಅವನಿಗೆ ಕಾಣುತ್ತಿರಲಿಲ್ಲ. ಇವನ ಅಂಧತ್ವದಲ್ಲಿ ಯಾರಿಗೂ ಸಂಶಯವಿಲ್ಲ, ಗಾಯ ಕಣ್ಣೆದುರಿಗಿದೆ. ಆದರೂ 'ಕಾಣದಿದ್ದರೆ ಊಹಿಸಿ ತೋರಿಸು' ಎಂದಾಗ ಅವನ ಕೈ ಬೆಳಕಿದ್ದ ಕಡೆಗೆ ಹೋಗುತ್ತಿತ್ತು. ಅಡ್ಡಗೆರೆ, ಉದ್ದಗೆರೆಗಳನ್ನು ಊಹೆಯಿಂದಲೇ ಬೇರ್ಪಡಿಸುತ್ತಿದ್ದ. ಅಂಕಗಳನ್ನು ತೋರಿಸಿದಾಗ ಅವನೇ ಬೆರಗಾದ. ಮಿದುಳಿನ ಗಾಯದಿಂದ ಕುರುಡನಾದವನು ಆಕಸ್ಮಿಕಕ್ಕಿಂತ ಹೆಚ್ಚು ಅಂಕ ತೆಗೆದ. ಗಾಯವೇ ಇಲ್ಲದೆ ಕುರುಡನಾದವನು ಆಕಸ್ಮಿಕಕ್ಕಿಂತ ಕಡಿಮೆ ಅಂಕ ತೆಗೆದ. ಇಬ್ಬರೂ ಹೇಳಿದ್ದು ಒಂದೇ ಮಾತು, ಕಾಣುವುದಿಲ್ಲವೆಂದು. ಡಿ.ಬಿ.ಯ ಮಾತನ್ನು ನಂಬುವ ನಾವು ಇನ್ನೊಬ್ಬನ ಮಾತನ್ನು ನಂಬಲು ಏಕೆ ಅಳುಕುತ್ತೇವೆ? ಗಾಯ ತೋರಿಸಲಿಲ್ಲವೆಂದೇ? ಅಥವಾ ಅವನ ತಪ್ಪುಗಳಲ್ಲಿ ಒಂದು ಉದ್ದೇಶದ ನೆರಳು ಕಾಣುವುದರಿಂದಲೇ?

1979ರಲ್ಲಿ ಸ್ಯಾಕೈಮ್ ಮತ್ತು ಅವರ ಸಂಗಡಿಗರು ಈ ಎಳೆಗಳನ್ನು ಕೂಡಿಸಲು ಯತ್ನಿಸಿದರು. ಅವರ ಪ್ರಕಾರ ಇಲ್ಲಿ ನಡೆಯುವುದು ಎರಡು ಹಂತಗಳ ವ್ಯವಹಾರ. ಮೊದಲ ಹಂತದಲ್ಲಿ, ಕಂಡದ್ದು ಅರಿವಿಗೆ ಬರುವ ದಾರಿ ಮುಚ್ಚುತ್ತದೆ. ಎರಡನೆಯ ಹಂತದಲ್ಲಿ, ಅರಿವಿಗೆ ಬಾರದ ಆ ತಿಳಿವನ್ನು ನಡತೆಯಲ್ಲಿ ಬಳಸಬೇಕೋ ಅದಕ್ಕೆ ವಿರುದ್ಧವಾಗಿ ನಡೆಯಬೇಕೋ ಎಂಬುದು ಒಳಗಿನ ಒತ್ತಾಸೆಯನ್ನು ಅವಲಂಬಿಸುತ್ತದೆ. ತನ್ನ ಕುರುಡನ್ನು ಉಳಿಸಿಕೊಳ್ಳುವ ಒತ್ತಡ ಬಲವಾಗಿದ್ದರೆ ತಪ್ಪುಗುಂಡಿಗಳೇ ಸಿಗುತ್ತವೆ, ಅದು ಸಡಿಲವಾಗಿದ್ದರೆ ಸರಿಯಾದವೂ ಸಿಗುತ್ತವೆ. ಇದನ್ನು ಎಲ್ಲರೂ ಒಪ್ಪಿದರೆಂದಲ್ಲ. ಅಂಗಡಿಯಲ್ಲಿ ಕಣ್ಣು ಕಳೆದುಕೊಂಡ ಆ ಗೃಹಸ್ಥನನ್ನು ಕಳ್ಳನೆನ್ನದೆ ಅರ್ಥ ಮಾಡಿಕೊಳ್ಳಲು ನನಗೆ ಒದಗಿದ ವಿವರಣೆ ಮಾತ್ರ ಇದೇ.

ವೈದ್ಯರ ಕೈಪಿಡಿಗಳೂ ತಡವಾಗಿಯಾದರೂ ಬದಲಾದವು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ಹಿಸ್ಟೀರಿಯಾ ಎಂಬ ರೋಗನಾಮ ಹೊರಬಿತ್ತು. 2013ರ ಆವೃತ್ತಿಯಲ್ಲಿ, ರೋಗಿ ನಟಿಸುತ್ತಿಲ್ಲವೆಂದು ವೈದ್ಯರು ಸಾಬೀತು ಮಾಡಬೇಕೆಂಬ ಷರತ್ತನ್ನೂ, ಹಿಂದೊಂದು ಮನೋವ್ಯಥೆಯನ್ನು ಹುಡುಕಿ ತೋರಿಸಲೇಬೇಕೆಂಬ ಷರತ್ತನ್ನೂ ಕೈಬಿಟ್ಟರು. ಈಗ ಇದನ್ನು ಕ್ರಿಯಾತ್ಮಕ ನರಲಕ್ಷಣಗಳ ವ್ಯಾಧಿಗಳಲ್ಲಿ ಸೇರಿಸುತ್ತಾರೆ. ಯಂತ್ರದಲ್ಲಿ ಮುರಿದದ್ದೇನೂ ಇಲ್ಲ, ನಡೆಯುವ ರೀತಿಯಲ್ಲಿ ತೊಡಕಿದೆ ಎಂಬ ಅರ್ಥದಲ್ಲಿ. ಇಂದಿನ ವೈದ್ಯರಲ್ಲಿ ಅನೇಕರು, ಕಣ್ಣು ಕೆಲಸ ಮಾಡುತ್ತಿರುವ ಗುರುತನ್ನು ರೋಗಿಗೆ ಮುಚ್ಚಿಡದೆ ತೋರಿಸುತ್ತಾರೆ. ಹಿಂದೆ ಬಲೆಯಾಗಿದ್ದ ಪರೀಕ್ಷೆ ಹೀಗೆ ಭರವಸೆಯ ಮಾತಾಗಿದೆ.

ಹಿಲ್ಗಾರ್ಡರ ಕಥೆಯಲ್ಲಿ ಒಂದು ಭಾಗ ಉಳಿದಿದೆ. 1933ರಲ್ಲಿಯೇ ಅವರು ಸ್ಟಾನ್‌ಫರ್ಡಿಗೆ ಹೋದರು; ನಮಗೆ ಪಠ್ಯವಾದ ಪುಸ್ತಕ ಬರೆದರು; ಐವತ್ತರ ದಶಕದಲ್ಲಿ, ಹೆಸರು ಸಂಪಾದಿಸಿದ ಮೇಲೆ, ಪತ್ನಿ ಜೋಸೆಫೀನರ ಜೊತೆಗೂಡಿ ಸಂಮೋಹನದ ಅಧ್ಯಯನಕ್ಕೆ ಇಳಿದರು. ತೀರಿಕೊಂಡದ್ದು 2001ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ. ಅವರ 1977ರ ಪುಸ್ತಕದಲ್ಲಿ ತರಗತಿಯಲ್ಲಿ ನಡೆದ ಒಂದು ಘಟನೆಯ ವಿವರವಿದೆ. ಸಂಮೋಹನವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಒಬ್ಬ ಯುವಕನನ್ನು ಆರಿಸಿಕೊಂಡಿದ್ದರು. ಅವನು ನಿಜವಾಗಿಯೂ ಅಂಧ. ಸಂಮೋಹನದಲ್ಲಿ ಅವನಿಗೆ ಕಿವಿ ಕೇಳದೆಂದು ಸೂಚನೆ ಕೊಟ್ಟರು. ಜೋರು ಸದ್ದು ಮಾಡಿದರೂ ಅವನು ಅಲುಗಲಿಲ್ಲ, ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. ಆಗ ತರಗತಿಯಲ್ಲಿದ್ದ ಒಬ್ಬ ವಿದ್ಯಾರ್ಥಿ, ಅವನೊಳಗಿನ ಯಾವುದಾದರೂ ಒಂದು ಅಂಶಕ್ಕೆ ಕೇಳಿಸುತ್ತಿರಬಹುದೇ ಎಂದು ಪ್ರಶ್ನಿಸಿದ. ಹಿಲ್ಗಾರ್ಡರು ಮೆಲುದನಿಯಲ್ಲಿ, ನಿನ್ನೊಳಗೆ ಕೇಳುತ್ತಿರುವ ಅಂಶವೊಂದಿದ್ದರೆ ತೋರುಬೆರಳು ಮೇಲೇಳಲಿ ಎಂದರು. ಬೆರಳು ಮೇಲೆದ್ದಿತು. ಯುವಕ ಒಡನೆಯೇ, ತನ್ನ ಬೆರಳು ತಾನಾಗಿ ಎದ್ದದ್ದು ತಿಳಿಯಿತೆಂದೂ, ತಾವು ಮಾಡಿದ್ದೇನೆಂದು ತಿಳಿಯಬೇಕಾಗಿದೆಯೆಂದೂ, ತನ್ನ ಕಿವಿಯನ್ನು ಮರಳಿ ಕೊಡಬೇಕೆಂದೂ ಕೇಳಿಕೊಂಡ.